ಅಸಿಸ್ಟ್ ಪಟ್ಟಿಯಲ್ಲಿ ಕಾಣದ ಆಟ: ಪಾಲ್ ಸ್ಕೋಲ್ಸ್ ಯಾಕೆ ಇಷ್ಟು ದೊಡ್ಡ ಹೆಸರು?

ಇಯರ್‌ಫೋನ್ ಹಾಕೊಂಡ್ರಾ? ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ.

ಪ್ರೀಮಿಯರ್ ಲೀಗ್‌ನಲ್ಲಿ 499 ಪಂದ್ಯ, 107 ಗೋಲು, 55 ಅಸಿಸ್ಟ್. ಫ್ಯಾಂಟಸಿ ತಂಡ ಕಟ್ಟೋ ಅಭ್ಯಾಸ ಇರೋರಿಗೆ ಈ 55 ನೋಡಿದ ತಕ್ಷಣ, "ಇಷ್ಟೇನಾ?" ಅನ್ನಿಸುತ್ತೆ. ಒಂಬತ್ತು ಪಂದ್ಯಕ್ಕೆ ಒಂದು ಅಸಿಸ್ಟ್. ಆದರೆ ಈ ಲೆಕ್ಕದ ಹಿಂದಿರುವ ಆಟಗಾರ ಮ್ಯಾಂಚೆಸ್ಟರ್ ಯುನೈಟೆಡ್ ಪರ 11 ಬಾರಿ ಲೀಗ್ ಗೆದ್ದವರು. ಹೆಸರು ಪಾಲ್ ಸ್ಕೋಲ್ಸ್. ಇಂಗ್ಲೆಂಡ್ ಕಂಡ ಅತ್ಯುತ್ತಮ ಮಿಡ್‌ಫೀಲ್ಡರ್‌ಗಳ ಮಾತು ಬಂದಾಗಲೆಲ್ಲ ಈ ಹೆಸರು ಬರುತ್ತೆ. ಯಾಕೆ? ಅದನ್ನೇ ಇವತ್ತು ಬಿಡಿಸಿ ನೋಡೋಣ.

ಮೊದಲು ಹುಡುಗನ ಪರಿಚಯ. 1974ರ ನವೆಂಬರ್ 16ರಂದು ಸಾಲ್ಫರ್ಡ್‌ನಲ್ಲಿ ಹುಟ್ಟಿದ್ದು. ಎತ್ತರ ಸುಮಾರು ಐದೂವರೆ ಅಡಿ. ಆಸ್ತಮಾ ಬೇರೆ. ಬೆಳೆಯೋ ವಯಸ್ಸಿನಲ್ಲಿ ಮೊಣಕಾಲು ನೋವಿನ ತೊಂದರೆ. ಓಟದಲ್ಲಿ ಯಾರನ್ನೂ ಹಿಂದೆ ಹಾಕೋ ವೇಗ ಇಲ್ಲ. ಇಂಗ್ಲಿಷ್ ಫುಟ್‌ಬಾಲ್ ಅಂದ್ರೆ ಎತ್ತರ, ಬಲ, ಓಟ ಅಂತ ನಂಬಿದ್ದ ಕಾಲ ಅದು. ಆ ಅಳತೆಪಟ್ಟಿ ಹಿಡಿದಿದ್ರೆ ಈ ಹುಡುಗ ಮೊದಲ ಸುತ್ತಿನಲ್ಲೇ ಹೊರಗೆ. ಆದರೂ 1994ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ವೇಲ್ ವಿರುದ್ಧದ ಲೀಗ್ ಕಪ್ ಪಂದ್ಯದಲ್ಲಿ ಯುನೈಟೆಡ್‌ನ ಹಿರಿಯರ ತಂಡಕ್ಕೆ ಬಂದು, ಮೊದಲ ದಿನವೇ ಎರಡು ಗೋಲು ಹೊಡೆದರು.

ಇಲ್ಲಿ ಗಮನಿಸಿ, ಆಗ ಅವರು ಫಾರ್ವರ್ಡ್. 1997ರಲ್ಲಿ ನಾಯಕ ರಾಯ್ ಕೀನ್ ಮೊಣಕಾಲಿಗೆ ಪೆಟ್ಟಾಗಿ ಹೊರಗುಳಿದಾಗ ಸ್ಕೋಲ್ಸ್ ಮಿಡ್‌ಫೀಲ್ಡ್‌ಗೆ ಇಳಿದರು. ಆಮೇಲೆ ಅದೇ ಅವರ ಮನೆ ಆಯ್ತು.

ಸರಿ, ಈಗ ವಿಷಯಕ್ಕೆ ಬರೋಣ. ಮಿಡ್‌ಫೀಲ್ಡರ್ ಕೆಲಸ ಏನು? ಚೆಂಡು ಬಂದಾಗ ಒಳ್ಳೆ ಪಾಸ್ ಕೊಡೋದು ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಸ್ಕೋಲ್ಸ್ ಆಟದ ಹಳೇ ವಿಡಿಯೊಗಳನ್ನ ನಿಧಾನವಾಗಿ ಓಡಿಸಿ ನೋಡಿದಾಗಲೇ ತಪ್ಪು ಗೊತ್ತಾಗಿದ್ದು. ಅಸಲಿ ಕೆಲಸ ಇರೋದು ಚೆಂಡು ಬರೋದಕ್ಕೆ ಮುಂಚೆ. ಚೆಂಡು ಇನ್ನೂ ಬೇರೆಯವರ ಕಾಲಲ್ಲಿ ಇರುವಾಗಲೇ ಅವರ ಕತ್ತು ತಿರುಗುತ್ತೆ: ಎಡ ಭುಜದ ಮೇಲೊಂದು ನೋಟ, ಬಲಕ್ಕೊಂದು ನೋಟ. ಯಾರು ಎಲ್ಲಿದ್ದಾರೆ, ಯಾವ ಜಾಗ ಖಾಲಿ, ನನ್ನ ಬೆನ್ನ ಹಿಂದೆ ಯಾರು ಬರ್ತಿದ್ದಾರೆ? ತಲೆಯಲ್ಲಿ ನಕ್ಷೆ ರೆಡಿ. ಚೆಂಡು ಬಂದಾಗ ಯೋಚಿಸೋಕೆ ಏನೂ ಉಳಿದಿರಲ್ಲ. ಒಂದೇ ಟಚ್. ಚೆಂಡು ಐವತ್ತು ಗಜ ಆಚೆ ವಿಂಗರ್ ಕಾಲಿಗೆ.

ಆ ವಿಂಗರ್ ಕ್ರಾಸ್ ಹಾಕ್ತಾರೆ, ಸ್ಟ್ರೈಕರ್ ಗೋಲು ಹೊಡೀತಾರೆ. ಗೋಲು ಸ್ಟ್ರೈಕರ್‌ಗೆ, ಅಸಿಸ್ಟ್ ವಿಂಗರ್‌ಗೆ. ಇಡೀ ಎದುರಾಳಿ ತಂಡವನ್ನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓಡಿಸಿದ ಆ ಪಾಸ್‌ಗೆ? ಏನೂ ಇಲ್ಲ. ನಾವು ಮೊಬೈಲ್‌ನಲ್ಲಿ ನೋಡುವಾಗ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತೆ, ಆ ಕತ್ತು ತಿರುಗಿದ್ದು ಫ್ರೇಮ್‌ನ ಹೊರಗೇ ಉಳಿಯುತ್ತೆ. 55 ಅನ್ನೋ ಸಂಖ್ಯೆ ಸುಳ್ಳಲ್ಲ. ಪೂರ್ತಿ ಕಥೆ ಹೇಳಲ್ಲ, ಅಷ್ಟೇ.

ಅಂದ್ರೆ ಇವರ ಬಂಡವಾಳ ಕಾಲಲ್ಲ, ಕಣ್ಣು. ಈಗ ಮುಂದಿನದು ಕೇಳಿ. 2005ರ ಕೊನೆಗೆ ಸ್ಕೋಲ್ಸ್‌ಗೆ ದೃಷ್ಟಿ ಮಂಜಾಗೋಕೆ ಶುರುವಾಯ್ತು. ವಯಸ್ಸು 31. ಕಾಲು ಮುರಿದ್ರೆ ಇಷ್ಟು ತಿಂಗಳು ಅಂತ ಲೆಕ್ಕ ಇರುತ್ತೆ. ಕಣ್ಣಿಗೆ ಅಂಥ ಲೆಕ್ಕ ಇಲ್ಲ. ನೋಡಿ ಬದುಕೋ ಆಟಗಾರನಿಗೆ ಕಾಣದಿದ್ರೆ ಉಳಿಯೋದೇನು? 2006ರ ಹೊಸ ವರ್ಷದಿಂದ ಆ ಸೀಸನ್ ಬಹುತೇಕ ಮುಗಿಯೋವರೆಗೂ ಅವರು ಮೈದಾನದಿಂದ ದೂರ. ಕತೆ ಮುಗೀತು ಅಂತ ಅಂದುಕೊಂಡವರು ಕಡಿಮೆ ಇರಲಿಲ್ಲ.

ವಾಪಸ್ ಬಂದ ಸ್ಕೋಲ್ಸ್ ಆಟ ಬದಲಾಗಿತ್ತು. 2002–03ರಲ್ಲಿ ಸ್ಟ್ರೈಕರ್ ಬೆನ್ನಿಗೆ ನಿಂತು ಎಲ್ಲ ಟೂರ್ನಿ ಸೇರಿ 20 ಗೋಲು ಹೊಡೆದಿದ್ದವರು, ಈಗ ಹಿಂದೆ ಸರಿದು ಮೈಕಲ್ ಕ್ಯಾರಿಕ್ ಪಕ್ಕ ನಿಂತರು. ಗೋಲು ಕಡಿಮೆಯಾಯ್ತು. ಆದರೆ ಇಡೀ ತಂಡದ ಉಸಿರಾಟ ಅವರ ಕಾಲಿಂದಲೇ ಶುರು: ಯಾವಾಗ ಜೋರು, ಯಾವಾಗ ನಿಧಾನ ಅನ್ನೋದು ಅವರ ಕೈಲಿ. ಅವರ 11 ಲೀಗ್ ಪ್ರಶಸ್ತಿಗಳಲ್ಲಿ 5 ಬಂದಿದ್ದು ಆ ಕಣ್ಣಿನ ತೊಂದರೆಯ ನಂತರ. ಇದನ್ನ ಮೊದಲ ಸಲ ಲೆಕ್ಕ ಹಾಕಿದಾಗ ನಾನು ಎರಡು ಸಲ ಎಣಿಸಿದ್ದೆ.

ಇನ್ನೊಂದು ಹಳೇ ಬಾಕಿಯೂ ಇತ್ತು. 1999ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಯುವೆಂಟಸ್ ವಿರುದ್ಧ ಸಿಕ್ಕ ಹಳದಿ ಕಾರ್ಡ್‌ನಿಂದ ಸ್ಕೋಲ್ಸ್ ಫೈನಲ್ ಆಡುವಂತಿರಲಿಲ್ಲ. ಬಾರ್ಸಿಲೋನಾದಲ್ಲಿ ಯುನೈಟೆಡ್ ಕೊನೇ ನಿಮಿಷಗಳಲ್ಲಿ ಬಯರ್ನ್ ತಂಡವನ್ನ 2–1ರಿಂದ ಸೋಲಿಸಿದಾಗ ಅವರು ಸೂಟ್ ಹಾಕೊಂಡು ನೋಡ್ತಿದ್ದರು. ಒಂಬತ್ತು ವರ್ಷ ಆದ್ಮೇಲೆ, 2008ರ ಏಪ್ರಿಲ್ 29, ಮತ್ತೆ ಸೆಮಿಫೈನಲ್. ಎದುರಾಳಿ ಬಾರ್ಸಿಲೋನಾ. ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಮನೆಯವರಿಗೆ ಎಚ್ಚರ ಆಗಬಾರದು ಅಂತ ನಾನು ಟಿವಿ ಸೌಂಡ್ ಪೂರ್ತಿ ತೆಗೆದಿದ್ದೆ. 14ನೇ ನಿಮಿಷದಲ್ಲಿ ಜಂಬ್ರೋಟಾ ದೂರ ಕಳಿಸೋಕೆ ಹೋದ ಚೆಂಡು ನೇರ ಸ್ಕೋಲ್ಸ್ ಕಾಲಿಗೆ ಬಂತು. ಸುಮಾರು 25 ಗಜದಿಂದ ಹೊಡೆತ. ಬಲೆ ಅಲುಗಾಡಿದ್ದು ಕಾಣಿಸ್ತು, ಸದ್ದು ಕೇಳಿಸಲಿಲ್ಲ. ಎರಡೂ ಪಂದ್ಯ ಸೇರಿ ಬಂದ ಗೋಲು ಅದೊಂದೇ. ಮಾಸ್ಕೋ ಫೈನಲ್‌ಗೆ ಸ್ಕೋಲ್ಸ್ ಆರಂಭಿಕ ಹನ್ನೊಂದರಲ್ಲಿ ಇದ್ದರು. ಯುನೈಟೆಡ್ ಪೆನಾಲ್ಟಿಯಲ್ಲಿ ಚೆಲ್ಸಿಯನ್ನ ಸೋಲಿಸಿತು. ಬಾಕಿ ಚುಕ್ತಾ.

ಹಾಗಂತ ಇವರು ಎಲ್ಲದರಲ್ಲೂ ಸೈ ಅನ್ನೋಕಾಗಲ್ಲ. ಟ್ಯಾಕಲ್ ವಿಷಯದಲ್ಲಿ ಕೆಟ್ಟ ಹೆಸರು, ಲೀಗ್‌ನಲ್ಲೇ 90ಕ್ಕೂ ಹೆಚ್ಚು ಹಳದಿ ಕಾರ್ಡ್. ಕೋಚ್ ಆಗಿಯೂ ನಿಲ್ಲಲಿಲ್ಲ. 2019ರಲ್ಲಿ ಓಲ್ಡಮ್ ತಂಡದ ಹೊಣೆ ಹೊತ್ತು 31 ದಿನಕ್ಕೇ ಬಿಟ್ಟರು.

ಇಂಗ್ಲೆಂಡ್ ತಂಡದ ಕತೆ ಇನ್ನೂ ಬೇಸರದ್ದು. 66 ಪಂದ್ಯ, 14 ಗೋಲು. 1999ರಲ್ಲಿ ಪೋಲೆಂಡ್ ವಿರುದ್ಧ ಹ್ಯಾಟ್ರಿಕ್ ಕೂಡ ಇದೆ. ಆದರೆ 2004ರ ಯೂರೋ ಕಪ್‌ನಲ್ಲಿ ನಡುಮೈದಾನ ಜೆರಾರ್ಡ್ ಮತ್ತು ಲ್ಯಾಂಪಾರ್ಡ್‌ಗೆ, ಸ್ಕೋಲ್ಸ್ ಎಡ ಅಂಚಿಗೆ. ಯೋಚಿಸಿ: ನಾಲ್ಕೂ ದಿಕ್ಕು ನೋಡಿ ಆಡೋ ಮನುಷ್ಯನನ್ನ ಅಂಚಿನ ಗೆರೆ ಪಕ್ಕ ನಿಲ್ಲಿಸಿದ್ರೆ ಅರ್ಧ ಮೈದಾನವೇ ಇಲ್ಲದಂತೆ. ಅದೇ ವರ್ಷ ಆಗಸ್ಟ್‌ನಲ್ಲಿ, 29ನೇ ವಯಸ್ಸಿಗೇ, ಅಂತರರಾಷ್ಟ್ರೀಯ ಆಟಕ್ಕೆ ವಿದಾಯ. 2010ರ ವಿಶ್ವಕಪ್‌ಗೆ ಬನ್ನಿ ಅಂತ ಕರೆ ಬಂದಾಗಲೂ ಅವರು ಒಪ್ಪಲಿಲ್ಲ. ಪ್ರತಿಭೆ ಇದ್ರೆ ಸಾಲದು, ಅದಕ್ಕೆ ಸರಿಯಾದ ಜಾಗ ಕೊಡೋರೂ ಬೇಕು. ಇದು ಫುಟ್‌ಬಾಲ್‌ಗೆ ಮಾತ್ರ ಅಲ್ಲ ಅಂತ ನಿಮ್ಮಲ್ಲಿ ಕೆಲವರಿಗಾದ್ರೂ ಗೊತ್ತಿರುತ್ತೆ.

2011ರ ಮೇನಲ್ಲಿ ಕ್ಲಬ್ ಆಟಕ್ಕೂ ನಿವೃತ್ತಿ. ಏಳೇ ತಿಂಗಳು. 2012ರ ಜನವರಿ 8ರಂದು ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧದ ಪಂದ್ಯಕ್ಕೆ 22ರ ಜರ್ಸಿ ತೊಟ್ಟು ವಾಪಸ್! ಮುಂದಿನ ವರ್ಷ ಇನ್ನೊಂದು ಲೀಗ್ ಗೆದ್ದು, 718 ಪಂದ್ಯ, 155 ಗೋಲುಗಳೊಂದಿಗೆ ನಿಜವಾಗಿ ಆಟ ಬಿಟ್ಟರು.

ಕೊನೆಗೆ ಒಂದು ಹೋಂವರ್ಕ್. ಮುಂದಿನ ಸಲ ಯಾವುದೇ ಪಂದ್ಯ ನೋಡುವಾಗ, ಟಿವಿಯಲ್ಲೋ ನಿಮ್ಮೂರ ಮೈದಾನದಲ್ಲೋ, ಐದು ನಿಮಿಷ ಚೆಂಡು ನೋಡಬೇಡಿ. ಒಬ್ಬ ಮಿಡ್‌ಫೀಲ್ಡರ್‌ನ ಕತ್ತು ನೋಡಿ. ಚೆಂಡು ಬರೋ ಮುಂಚೆ ಎಷ್ಟು ಸಲ ತಿರುಗುತ್ತೆ ಅಂತ ಎಣಿಸಿ, ನಮಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.