ಅಚ್ಚಿನ ಅಕ್ಷರವೂ ಆರಾಧನೆಯ ಸ್ವರವೂ

ಬಲಿಪೂಜಾಗ್ರಂಥದಲ್ಲಿ ಕಪ್ಪಕ್ಷರಗಳನ್ನು ಯಾಜಕನು ಉಚ್ಚರಿಸುತ್ತಾನೆ, ಕೆಂಪಕ್ಷರಗಳನ್ನು ಆಚರಿಸುತ್ತಾನೆ. ವಿಧಿಸೂಚನೆಗಳಿಗೆ ‘ರೂಬ್ರಿಕ್’ ಎಂಬ ಹೆಸರು ಬಂದುದೇ ಕೆಂಪು ಎಂಬರ್ಥದ ಲತೀನ್ ಪದದಿಂದ. ಅಚ್ಚಿನ ರೂಪವೂ ಅರ್ಥವನ್ನು ನುಡಿಯುತ್ತದೆಂಬುದಕ್ಕೆ ನಮಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಇಂಗ್ಲಿಷ್ ಬೈಬಲುಗಳಲ್ಲಿ ಹಲವು, ದೇವರ ಹೀಬ್ರೂ ನಾಮವಿರುವೆಡೆ ‘ಲಾರ್ಡ್’ ಪದವನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಮುದ್ರಿಸುತ್ತವೆ. ಕನ್ನಡ ಲಿಪಿಯಲ್ಲಿ ಆ ಭೇದವಿಲ್ಲ. ಭಾರವನ್ನು ಪದವೇ ಹೊರಬೇಕು. ‘ಸತ್ಯವೇದವು’ ಭಾಷಾಂತರದಲ್ಲಿ ‘ಯೆಹೋವ’ ಎಂಬ ನಾಮವೇ ಇದೆ. ಗೌರವವನ್ನೂ ಅಕ್ಷರದ ಗಾತ್ರ ಸೂಚಿಸದು, ‘ಆತನು’, ‘ಅವರು’ ಎಂಬ ಸರ್ವನಾಮಗಳು ಸೂಚಿಸುತ್ತವೆ. ಇದು ಕೊರತೆಯೆಂದು ನನಗೆ ತೋರುವುದಿಲ್ಲ. ದೊಡ್ಡಕ್ಷರವು ವಾಚನಪೀಠದಿಂದ ಕೇಳಿಸದು. ಪದವಾದರೋ ಓದುಬರಹ ಅರಿಯದ ಅಜ್ಜಿಯ ಕಿವಿಗೂ ಮುಟ್ಟುತ್ತದೆ.

ನಮ್ಮ ತೊಡಕು ಬೇರೆಡೆಯಲ್ಲಿದೆ. ಕ್ರಿಸ್ತ, ಆತ್ಮ, ಸ್ತೋತ್ರ, ಪುನರುತ್ಥಾನ: ವಿಶ್ವಾಸದ ಪದಗಳೆಲ್ಲ ಒತ್ತಕ್ಷರ ಹೊತ್ತವೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂದಾಗ ಬರೆಯುವ ಕೈಯೇ ಒತ್ತಿಗೆ ಸ್ಥಳ ಬಿಡುತ್ತಿತ್ತು. ಈಗ ಗಣಕದಲ್ಲಿ ಸಾಲಿನ ಅಂತರವನ್ನು ನಾವೇ ನಿಗದಿಪಡಿಸಬೇಕು. ಕಾಗದ ಉಳಿಸಲು ಸಾಲುಗಳನ್ನು ಒತ್ತರಿಸಿದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ದಪ್ಪಕ್ಷರದಲ್ಲಿ ‘ಪ್ರಾರ್ಥನೆ’ಯ ಥಕಾರದ ಚುಕ್ಕೆ, ‘ಧರ್ಮ’ದ ಧಕಾರದ ಸೀಳು ಮುಚ್ಚಿಹೋಗುತ್ತವೆ. ವಾಚಕನು ತಡವರಿಸಿದಾಗ ನಾವು ಬೈಯುವುದು ವಾಚಕನನ್ನು!

ಭಾವದ ಮಾತೂ ಇದೆ. ಹರಿಹರದ ಆರೋಗ್ಯಮಾತೆಯ ಸೆಪ್ಟೆಂಬರ್ ಹಬ್ಬದ ಕರಪತ್ರಕ್ಕೆ ಬಳುಕುವ ಅಲಂಕಾರದ ಫಾಂಟ್ ಸಲ್ಲುತ್ತದೆ. ಅದೇ ಫಾಂಟಿನಲ್ಲಿ ಮೃತರ ಸಂಸ್ಕಾರದ ಕೀರ್ತನೆ ಅಚ್ಚಾದರೆ ಶೋಕದ ಮನೆಯೊಳಗೆ ಜಾತ್ರೆಯ ವಾದ್ಯ ನುಗ್ಗಿದಂತಾಗುತ್ತದೆ. ಅಂಥ ಹಾಳೆಗೆ ತೆಳುವಾದ, ನೆಟ್ಟಗಿನ ಅಕ್ಷರವೂ ಧಾರಾಳವಾದ ಅಂಚೂ ಸಾಕು. ಅಚ್ಚಿಗೆ ಕಳುಹಿಸುವ ಮೊದಲು ಸಭೆಯ ಹಿರಿಯರೊಬ್ಬರಿಂದ ಅದನ್ನು ಗಟ್ಟಿಯಾಗಿ ಓದಿಸಿರಿ.