ಟಿಕೆಟ್ಟಿನ ಹಿಂದಿನ ಸಣ್ಣ ಅಕ್ಷರ



ರಜೆ ಬಂತೆಂದರೆ ಮಕ್ಕಳದು ಒಂದೇ ಹಠ, ಪಾರ್ಕಿಗೆ ಹೋಗೋಣ. ಮುಂಬಯಿಯಾಗಲಿ ಹೈದರಾಬಾದಾಗಲಿ, ದೊಡ್ಡ ರೈಡಿನ ಮುಂದೆ ನೀವೂ ಸರತಿಯಲ್ಲಿ ನಿಂತಿರುತ್ತೀರಿ. ಪಕ್ಕದಲ್ಲೇ ಒಂದು ಬೋರ್ಡು: 'ನಿಮ್ಮ ಸ್ವಂತ ಜವಾಬ್ದಾರಿಯ ಮೇಲೆ ಹತ್ತಿರಿ'. ಟಿಕೆಟ್ಟಿನ ಹಿಂದೆಯೂ ಅದೇ ಮಾತು, ಇರುವೆ ಸಾಲಿನಂಥ ಅಕ್ಷರದಲ್ಲಿ. ಹಾಗಾದರೆ ಪೆಟ್ಟಾದಾಗ ಕೇಳುವ ಹಕ್ಕೇ ಇಲ್ಲವೇ?

ಇದೆ. ಆದರೆ ಎಲ್ಲ ಪೆಟ್ಟಿಗೂ ಇಲ್ಲ.

ಗೊತ್ತಿದ್ದೂ ಒಪ್ಪಿಕೊಂಡ ಅಪಾಯಕ್ಕೆ ದೂರಿಲ್ಲ ಎಂಬುದು ಕಾನೂನಿನ ಹಳೆಯ ಸೂತ್ರ. ಇದಕ್ಕೆ ಹೆಸರಾದ ಮೊಕದ್ದಮೆ ನ್ಯೂಯಾರ್ಕಿನದು, 1929ರದು. ಕೋನಿ ಐಲೆಂಡಿನ ಸ್ಟೀಪಲ್‌ಚೇಸ್ ಪಾರ್ಕಿನಲ್ಲಿ 'ಫ್ಲಾಪರ್' ಎಂಬ ಆಟವಿತ್ತು. ಇಳಿಜಾರಿನಲ್ಲಿ ಮೇಲಕ್ಕೆ ಓಡುವ ಬೆಲ್ಟು, ಅದರ ಮೇಲೆ ನಿಂತವರು ದೊಪ್ಪೆಂದು ಬೀಳುವುದೇ ತಮಾಷೆ. ಬೇರೆಯವರು ಬೀಳುವುದನ್ನು ನೋಡಿಯೇ ಹತ್ತಿದ ಯುವಕನೊಬ್ಬ ಬಿದ್ದು ಮಂಡಿಚಿಪ್ಪು ಮುರಿದುಕೊಂಡ. ಕೆಳಗಿನ ಕೋರ್ಟುಗಳಲ್ಲಿ ಗೆದ್ದ. ಮೇಲಿನ ಕೋರ್ಟಿನಲ್ಲಿ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಆ ತೀರ್ಪನ್ನು ರದ್ದು ಮಾಡಿದರು. ಬೀಳುವುದೇ ಆಟವಾಗಿರುವಾಗ, ಬಿದ್ದೆನೆಂದು ದೂರುವುದು ಹೇಗೆ ಎಂಬುದು ಅವರ ವಾದದ ತಿರುಳು.

ಅದೇ ತೀರ್ಪಿನ ಇನ್ನೊಂದು ಮಾತು ನಮಗೆ ಮುಖ್ಯ. ಅಪಾಯ ಕಣ್ಣಿಗೆ ಕಾಣದಂತಿದ್ದರೆ, ಅಥವಾ ಆಟ ನಡೆಸಲೇಬಾರದೆನ್ನುವಷ್ಟು ಅಪಘಾತಗಳು ಆಗುತ್ತಿದ್ದರೆ, ಮಾತೇ ಬೇರೆ ಎಂದಿದ್ದರು ಅವರು.

2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ತೂಗಾಡುವ ರೈಡೊಂದು ಮುರಿದು ಬಿತ್ತು. ಇಬ್ಬರು ಸತ್ತರು, ಹಲವರು ಗಾಯಗೊಂಡರು. ರೈಡು ಹತ್ತಿದವರು ತಲೆ ತಿರುಗುವುದನ್ನು, ಎದೆ ಝಲ್ಲೆನ್ನುವುದನ್ನು ಒಪ್ಪಿಕೊಂಡಿರುತ್ತಾರೆ. ಕಬ್ಬಿಣ ಮುರಿಯುವುದನ್ನು ಯಾರೂ ಒಪ್ಪಿಕೊಂಡಿರುವುದಿಲ್ಲ. ಸಡಿಲವಾದ ಲಾಕು, ತಪ್ಪಿಹೋದ ತಪಾಸಣೆ, ತರಬೇತಿಯಿಲ್ಲದ ಆಪರೇಟರು, ಎತ್ತರ ಸಾಲದ ಮಗುವನ್ನು ಹತ್ತಿಸುವುದು: ಇವೆಲ್ಲ ನಿರ್ಲಕ್ಷ್ಯದ ಲೆಕ್ಕಕ್ಕೆ ಬರುತ್ತವೆ.

ತಪ್ಪು ನಿಮ್ಮ ಕಡೆಯೂ ಇರಬಹುದು. ಮಗುವಿನ ಎತ್ತರ ಸುಳ್ಳು ಹೇಳಿದಿರಿ, ಓಡುವ ರೈಡಿನಲ್ಲಿ ಎದ್ದು ನಿಂತಿರಿ ಎನ್ನಿ. ಆಗ ನಿಮ್ಮ ಪಾಲಿನ ತಪ್ಪಿಗೆ ತಕ್ಕಂತೆ ಪರಿಹಾರ ಕಡಿಮೆಯಾಗಬಹುದು. ನ್ಯೂಯಾರ್ಕಿನಲ್ಲೂ 1975ರಿಂದ ಇದೇ ರೀತಿಯ ನಿಯಮವಿದೆ.

ನಮ್ಮಲ್ಲಿ ಟಿಕೆಟ್ ಕೊಂಡವರು ಗ್ರಾಹಕರು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವೆಯಲ್ಲಿನ ನಿರ್ಲಕ್ಷ್ಯಕ್ಕೆ ದೂರು ಕೊಡಬಹುದು, ಏಕಪಕ್ಷೀಯ ಕರಾರನ್ನೂ ಪ್ರಶ್ನಿಸಬಹುದು. ಅವಧಿ 2 ವರ್ಷ. ಪಾರ್ಕ್ ಎಲ್ಲೇ ಇರಲಿ, ನೀವು ವಾಸವಿರುವ ಊರಿನ ಆಯೋಗದಲ್ಲೇ ದೂರು ಸಲ್ಲಿಸಬಹುದು. ಪುಣೆಯಲ್ಲಿರುವವರು ಬೆಂಗಳೂರಿಗೆ ರಜೆಗೆ ಹೋಗಿ ಪೆಟ್ಟು ಮಾಡಿಕೊಂಡು ಬಂದರೆ, ದೂರಿಗಾಗಿ ಮತ್ತೆ ಬೆಂಗಳೂರಿಗೆ ಅಲೆಯಬೇಕಿಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಪೆಟ್ಟಾದರೆ ಮೊದಲು ಚಿಕಿತ್ಸೆ. ಆಮೇಲೆ ರೈಡಿನ ಫೋಟೋ ತೆಗೆದುಕೊಳ್ಳಿ, ಜೊತೆಗಿದ್ದವರ ಫೋನ್ ನಂಬರ್ ಬರೆದುಕೊಳ್ಳಿ, ಘಟನೆಯನ್ನು ಪಾರ್ಕಿನವರಿಗೆ ಬರವಣಿಗೆಯಲ್ಲಿ ತಿಳಿಸಿ, ಆಸ್ಪತ್ರೆಯ ಕಾಗದಗಳನ್ನು ಜೋಪಾನ ಮಾಡಿ.

ಮತ್ತೆ ಆ ಟಿಕೆಟ್ಟು? ಹರಿದು ಎಸೆಯಬೇಡಿ. ಅದರ ಹಿಂದೆ ಏನೇ ಬರೆದಿರಲಿ, ನೀವು ದುಡ್ಡು ಕೊಟ್ಟು ಒಳಗೆ ಹೋದಿರಿ ಎನ್ನುವುದಕ್ಕೆ ಅದೇ ಸಾಕ್ಷಿ.