ಶಾಲೆಯ ಹಾಜರಿಗೂ ಹುಡುಗಿಯ ಆರೋಗ್ಯಕ್ಕೂ ಏನು ನಂಟು?

ಪ್ರಶ್ನೆ: ಹುಡುಗಿಯರು ತಪ್ಪದೆ ಶಾಲೆಗೆ ಹೋದರೆ ಅವರ ಸಂತಾನಾರೋಗ್ಯವೂ ಸುಧಾರಿಸುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಬಹುಮಟ್ಟಿಗೆ ನಿಜ. ಇದರತ್ತ ಬೆರಳು ತೋರುವ ಅಧ್ಯಯನವೊಂದು ಆಫ್ರಿಕದ ಮಲಾವಿ ದೇಶದ್ದು. ಜೊಂಬಾ ಜಿಲ್ಲೆಯಲ್ಲಿ ಮದುವೆಯಾಗದ, 13ರಿಂದ 22 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಲಾಟರಿಯಿಂದ ಆರಿಸಿದವರಿಗೆ ತಿಂಗಳು ತಿಂಗಳು ಸ್ವಲ್ಪ ಹಣ ಕೊಟ್ಟರು. ಕೆಲವರಿಗೆ ಶಾಲೆಗೆ ಹೋಗಲೇಬೇಕೆಂಬ ಷರತ್ತಿತ್ತು, ಕೆಲವರಿಗೆ ಇರಲಿಲ್ಲ. ಹದಿನೆಂಟು ತಿಂಗಳ ನಂತರ, ಮೊದಲಿನಿಂದ ಶಾಲೆಯಲ್ಲಿದ್ದವರ ಪೈಕಿ ಹಣ ಪಡೆದವರಲ್ಲಿ ಎಚ್‌ಐವಿ ಶೇ 1.2, ಪಡೆಯದವರಲ್ಲಿ ಶೇ 3. ತಮಗಿಂತ ತುಂಬ ದೊಡ್ಡವರಾದ ಗಂಡಸರ ಸಂಬಂಧವೂ ಹಣ ಪಡೆದವರಲ್ಲಿ ಕಡಿಮೆಯಾಗಿತ್ತು. ಬಡತನದ ಒತ್ತಡ ಅಂಥ ಸಂಬಂಧಕ್ಕೆ ಹೇಗೆ ದೂಡುತ್ತದೆಂದು ಯೋಚಿಸಿ.

ನಮ್ಮಲ್ಲಿ ಶಾಲೆ ಬಿಟ್ಟ ಹುಡುಗಿಗೆ ಬೇಗ ಗಂಡು ಹುಡುಕುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 20–24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಎಳೆಯ ವಯಸ್ಸಿನ ಬಸಿರಿನಲ್ಲಿ ತಾಯಿ, ಮಗು ಇಬ್ಬರಿಗೂ ಅಪಾಯ ಹೆಚ್ಚು. ರಕ್ತಹೀನತೆ ತಡೆಯಲು ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆ ಕೂಡ ಗೈರಾದವಳ ಕೈತಪ್ಪುತ್ತದೆ.

ಮುಟ್ಟಿನ ದಿನಗಳಲ್ಲಿ ಹುಡುಗಿಯರು ಮನೆಯಲ್ಲೇ ಉಳಿಯದಿರಲು ಶಾಲೆಯ ಶೌಚಾಲಯ ಸರಿಯಿರಬೇಕು. ಅಲ್ಲಿ ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕವಿದೆಯೇ? ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ದಯವಿಟ್ಟು ಕೇಳಿ.